ಸಿನಿಮಾ ಫ್ಯಾನ್ ಎಡಿಟ್‌ಗೆ ಯಾವ ಸಾಫ್ಟ್‌ವೇರ್? ಮೊದಲು ಆಡಿಯೋ ನೋಡಿ

ಫ್ಯಾನ್ ಎಡಿಟ್ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಹೀರೋ ಹುಟ್ಟುಹಬ್ಬದ ಹೊತ್ತಿಗೆ ಎಲ್ಲರ ಸ್ಟೇಟಸ್‌ನಲ್ಲೂ ಓಡುವ ಮ್ಯಾಷಪ್ ವಿಡಿಯೋ. ಮೂವತ್ತು ಸೆಕೆಂಡು, ಬೀಟ್‌ಗೆ ಸರಿಯಾಗಿ ಕಟ್, ಸ್ಲೋ ಮೋಷನ್ ಎಂಟ್ರಿ. ಅದಕ್ಕೆ ಫೋನ್ ಸಾಕು. ಕೈನ್‌ಮಾಸ್ಟರ್, ವಿಎನ್, ಅಲೈಟ್ ಮೋಷನ್, ಯಾವುದು ಕೈಗೆ ಒಗ್ಗಿದೆಯೋ ಅದರಲ್ಲೇ ಮಾಡಿ. ಕ್ಯಾಪ್‌ಕಟ್ ಭಾರತದಲ್ಲಿ ಅಧಿಕೃತವಾಗಿ ಸಿಗುವುದಿಲ್ಲ, ಅದಕ್ಕೋಸ್ಕರ ಎಲ್ಲಿಂದಲೋ ಎಪಿಕೆ ತಂದು ಹಾಕಿಕೊಳ್ಳಬೇಡಿ.

ನಾನು ಇಲ್ಲಿ ಹೇಳಲು ಹೊರಟಿರುವುದು ಇನ್ನೊಂದು ಬಗೆಯ ಎಡಿಟ್ ಬಗ್ಗೆ. ಇಡೀ ಸಿನಿಮಾವನ್ನು ಕೈಗೆತ್ತಿಕೊಂಡು ನಿಮಗೆ ಬೇಕಾದಂತೆ ಮತ್ತೆ ಜೋಡಿಸುವುದು. ಕಥೆಗೆ ಸಂಬಂಧವೇ ಇಲ್ಲದ ಕಾಮಿಡಿ ಟ್ರ್ಯಾಕ್ ತೆಗೆಯುವುದು, ಎರಡು ಭಾಗವಾಗಿ ಬಂದದ್ದನ್ನು ಒಂದೇ ಸಿನಿಮಾ ಮಾಡುವುದು, ಫ್ಲ್ಯಾಶ್‌ಬ್ಯಾಕ್‌ಗಳನ್ನು ಬಿಡಿಸಿ ಕಥೆ ನಡೆದ ಕ್ರಮದಲ್ಲೇ ಇಡುವುದು, ಹೀಗೆ. ಅಮೆರಿಕದಲ್ಲಿ ಈ ಹವ್ಯಾಸ ಸುದ್ದಿಯಾಗಿದ್ದು 2000ದ ಸುಮಾರಿಗೆ. ಮೈಕ್ ಜೆ. ನಿಕೋಲ್ಸ್ ಎಂಬ ಎಡಿಟರ್ 1999ರ ಸ್ಟಾರ್ ವಾರ್ಸ್ ಸಿನಿಮಾದಿಂದ ಇಪ್ಪತ್ತು ನಿಮಿಷದ ಹತ್ತಿರ ಕತ್ತರಿಸಿ 'ಫ್ಯಾಂಟಮ್ ಎಡಿಟ್' ಅಂತ ಮಾಡಿದರು, ಅದು ವಿಎಚ್‌ಎಸ್ ಟೇಪಿನಲ್ಲಿ ಕೈಯಿಂದ ಕೈಗೆ ಹೋಯಿತು. ಇವತ್ತು ಅದೇ ಕೆಲಸವನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ಮಾಡಬಹುದು.

ಹೊಸಬರು ಕೇಳುವ ಮೊದಲ ಪ್ರಶ್ನೆ ಒಂದೇ: ಪ್ರೀಮಿಯರ್ ಒಳ್ಳೆಯದಾ, ಡಾವಿಂಚಿ ಒಳ್ಳೆಯದಾ? ಆಮೇಲೆ ಯಾವುದರಲ್ಲಿ ಟ್ರಾನ್ಸಿಷನ್ ಜಾಸ್ತಿ, ಯಾವುದರಲ್ಲಿ ಎಫೆಕ್ಟ್ ಜಾಸ್ತಿ ಅಂತ ಹೋಲಿಸಲು ಕೂರುತ್ತಾರೆ. ಫ್ಯಾನ್ ಎಡಿಟ್‌ಗೆ ಆ ಎಫೆಕ್ಟ್‌ಗಳಲ್ಲಿ ನೂರಕ್ಕೆ ತೊಂಬತ್ತು ಬೇಡವೇ ಬೇಡ. ಚಿತ್ರ ಕತ್ತರಿಸುವುದು ಎಲ್ಲ ಸಾಫ್ಟ್‌ವೇರ್‌ಗೂ ಬರುತ್ತದೆ. ನಿಜವಾದ ವ್ಯತ್ಯಾಸ ಕಾಣುವುದು ನಾಲ್ಕು ಕಡೆ: ನಿಮ್ಮ ಫೈಲ್ ತೆರೆಯುತ್ತದಾ, ಆರು ಚಾನೆಲ್ಲಿನ ಆಡಿಯೋ ಸರಿಯಾಗಿ ನಿಭಾಯಿಸುತ್ತದಾ, ನಿಮ್ಮ ಯಂತ್ರ ತಡೆಯುತ್ತದಾ, ಕನ್ನಡ ಅಕ್ಷರ ಒಡೆಯದೆ ಬರುತ್ತದಾ. ಇದರಲ್ಲಿ ಎರಡನೆಯದೇ ದೊಡ್ಡದು.

ಶುರು ಮಾಡುವ ಮುಂಚೆ: ಸಿನಿಮಾ ಎಲ್ಲಿಂದ ತರುತ್ತೀರಿ?

ಈ ವಿಷಯ ಮೊದಲೇ ಮುಗಿಸಿಬಿಡೋಣ. ಸಿನಿಮಾದ ಹಕ್ಕು ನಿರ್ಮಾಪಕರದ್ದು. ನೀವು ಡಿಸ್ಕ್ ಕೊಂಡಿದ್ದರೂ ಅದನ್ನು ಬದಲಿಸಿ ಹಂಚುವ ಹಕ್ಕು ನಿಮಗೆ ಬರುವುದಿಲ್ಲ. 2012ರ ತಿದ್ದುಪಡಿಯ ನಂತರ ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ 65ಎ ಅಂತ ಒಂದು ಸೆಕ್ಷನ್ ಇದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಥಿಯೇಟರಿನಲ್ಲಿ ಫೋನ್ ಹಿಡಿದು ತೆಗೆದ ಪ್ರಿಂಟ್ ಅಂತೂ ಮುಟ್ಟಲೇಬೇಡಿ. 2023ರ ಸಿನಿಮಟೋಗ್ರಾಫ್ ತಿದ್ದುಪಡಿಯ ಪ್ರಕಾರ ಹಾಗೆ ರೆಕಾರ್ಡ್ ಮಾಡಿದರೆ ಕನಿಷ್ಠ ಮೂರು ತಿಂಗಳು, ಗರಿಷ್ಠ ಮೂರು ವರ್ಷ ಜೈಲಿದೆ, ದಂಡವೇ 3 ಲಕ್ಷದಿಂದ ಶುರು. ಈ ಹವ್ಯಾಸದಲ್ಲಿ ಹಳಬರು ಪಾಲಿಸುವ ರೂಢಿ ಸರಳ: ಮೂಲ ಡಿಸ್ಕ್ ದುಡ್ಡು ಕೊಟ್ಟು ಕೊಂಡಿರಬೇಕು, ಎಡಿಟ್‌ನಿಂದ ಒಂದು ರೂಪಾಯಿಯೂ ದುಡಿಯಬಾರದು. ಹೀಗೆ ಮಾಡಿದ ಮಾತ್ರಕ್ಕೆ ಎಲ್ಲವೂ ಕಾನೂನುಬದ್ಧ ಆಗಿಬಿಡುವುದಿಲ್ಲ, ಅದು ನೆನಪಿರಲಿ. ನಿಮ್ಮದೇ ಕಿರುಚಿತ್ರ ಅಥವಾ ಗೆಳೆಯರು ಒಪ್ಪಿ ಕೊಟ್ಟ ಸಿನಿಮಾ ಇದ್ದರೆ ಅದರಲ್ಲೇ ಕೈ ಪಳಗಿಸಿಕೊಳ್ಳುವುದು ನೆಮ್ಮದಿ.

ಒಟಿಟಿಯಿಂದ ಸ್ಕ್ರೀನ್ ರೆಕಾರ್ಡ್ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಸಾಮಾನ್ಯವಾಗಿ ಕಪ್ಪು ಪರದೆಯೇ ಬರುತ್ತದೆ, ಅಕಸ್ಮಾತ್ ಚಿತ್ರ ಬಂದರೂ ಫ್ರೇಮ್ ರೇಟ್ ಕುಣಿಯುತ್ತಿರುತ್ತದೆ, ಆಡಿಯೋ ಬರೀ ಸ್ಟೀರಿಯೋ.

ಹಂತ 1: ಫೈಲಿನ ಜಾತಕ ನೋಡಿ

ಸಾಫ್ಟ್‌ವೇರ್ ಡೌನ್‌ಲೋಡ್ ಮಾಡುವ ಮುಂಚೆ ಮೀಡಿಯಾಇನ್ಫೋ ಎಂಬ ಚಿಕ್ಕ ಉಚಿತ ಟೂಲ್ ಹಾಕಿಕೊಳ್ಳಿ. ನಿಮ್ಮ ಫೈಲನ್ನು ಅದರಲ್ಲಿ ತೆರೆದು ಐದು ವಿಷಯ ಬರೆದಿಟ್ಟುಕೊಳ್ಳಿ: ಕಂಟೇನರ್ (ಚಿತ್ರ, ಸದ್ದು ಎರಡನ್ನೂ ಹಿಡಿದಿಡುವ ಡಬ್ಬಿ) ಯಾವುದು, ವಿಡಿಯೋ ಕೋಡೆಕ್ (ಚಿತ್ರವನ್ನು ಕುಗ್ಗಿಸಿಟ್ಟ ವಿಧಾನ) ಯಾವುದು, ಫ್ರೇಮ್ ರೇಟ್ (ಸೆಕೆಂಡಿಗೆ ಬರುವ ಚಿತ್ರಗಳು) ಎಷ್ಟು, ಅದು ಸ್ಥಿರವೋ ಬದಲಾಗುತ್ತಿದೆಯೋ, ಆಡಿಯೋ ಯಾವ ಕೋಡೆಕ್ ಮತ್ತು ಎಷ್ಟು ಚಾನೆಲ್.

ಬ್ಲೂರೇ ಆಗಿದ್ದರೆ ಸಾಮಾನ್ಯವಾಗಿ 1080ಪಿ, ಎಚ್.264, 23.976 ಅಥವಾ 24 ಫ್ರೇಮ್. ಇದು ಒಳ್ಳೆಯ ಸುದ್ದಿ. ಡಿವಿಡಿಯಾದರೆ ಸ್ವಲ್ಪ ಕಿರಿಕಿರಿ. ಪಾಲ್ (ಭಾರತ, ಯುರೋಪಿನ ಟಿವಿ ಪದ್ಧತಿ) ಡಿವಿಡಿ 720×576, ಸೆಕೆಂಡಿಗೆ 25 ಫ್ರೇಮ್. 24 ಫ್ರೇಮಿನ ಸಿನಿಮಾವನ್ನು ಸುಮ್ನೆ 25ಕ್ಕೆ ಓಡಿಸಿರುತ್ತಾರೆ. 150 ನಿಮಿಷದ ಸಿನಿಮಾ 144 ನಿಮಿಷಕ್ಕೇ ಮುಗಿಯುತ್ತದೆ, ದನಿಯೂ ಒಂದು ಎಳೆ ಮೇಲಿರುತ್ತದೆ. ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿ) ಡಿವಿಡಿ 720×480, ಅದರಲ್ಲಿ 29.97 ಮಾಡಲು ಫ್ರೇಮ್‌ಗಳನ್ನು ಮತ್ತೆ ಮತ್ತೆ ತುಂಬಿಸಿರುತ್ತಾರೆ, ಅದನ್ನು ಮೊದಲೇ ಬಿಡಿಸಿಕೊಳ್ಳದಿದ್ದರೆ ನಿಮ್ಮ ಪ್ರತಿ ಕಟ್ ಹತ್ತಿರವೂ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಾಣುತ್ತವೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಟೂಲ್‌ನಲ್ಲಿ ಡಿಟೆಲಿಸಿನ್ ಅಂತ ಫಿಲ್ಟರ್ ಇದೆ, ಇದಕ್ಕೆ ಅದೇ ಸಾಕು. ಹಳೆ ಕನ್ನಡ ಸಿನಿಮಾ ವಿಸಿಡಿಯಲ್ಲಿ ಮಾತ್ರ ಸಿಕ್ಕಿದರೆ ಅದು 352×288, ದೊಡ್ಡ ಆಸೆ ಇಟ್ಟುಕೊಳ್ಳಬೇಡಿ.

ಫ್ರೇಮ್ ರೇಟ್ ಮೊದಲೇ ಯಾಕೆ ತಿಳಿದಿರಬೇಕು ಅಂದ್ರೆ, ಡಾವಿಂಚಿ ರಿಸಾಲ್ವ್‌ನಂಥ ಸಾಫ್ಟ್‌ವೇರ್ ಒಮ್ಮೆ ಕ್ಲಿಪ್ ಒಳಗೆ ಬಂದ ಮೇಲೆ ಪ್ರಾಜೆಕ್ಟಿನ ಟೈಮ್‌ಲೈನ್ ಫ್ರೇಮ್ ರೇಟ್ ಬದಲಿಸಲು ಬಿಡುವುದಿಲ್ಲ. ಅರ್ಧ ಸಿನಿಮಾ ಕತ್ತರಿಸಿದ ಮೇಲೆ ಇದು ಗೊತ್ತಾದರೆ ಅಳುವುದೊಂದೇ ಬಾಕಿ.

ಇನ್ನು ಕಂಟೇನರ್. ಡಿಸ್ಕಿನಿಂದ ಬಂದ ಫೈಲ್ ಹೆಚ್ಚಾಗಿ ಎಂಕೆವಿ ಆಗಿರುತ್ತದೆ. ಪ್ರೀಮಿಯರ್‌ನ ಹಳೆ ಆವೃತ್ತಿಗಳು ಮತ್ತು ಫೈನಲ್ ಕಟ್ ಪ್ರೊ ಅದನ್ನು ನೇರವಾಗಿ ತೆರೆಯುವುದಿಲ್ಲ. ಕೆಡೆನ್‌ಲೈವ್, ಶಾಟ್‌ಕಟ್ ಎಂಬ ಎರಡು ಉಚಿತ ಎಡಿಟರ್‌ಗಳು ಎಫ್ಎಫ್‌ಎಂಪೆಗ್ (ಕಮಾಂಡ್ ಬರೆದು ಓಡಿಸುವ ಉಚಿತ ವಿಡಿಯೋ ಟೂಲ್) ಮೇಲೆ ನಿಂತಿರುವುದರಿಂದ ಏನು ಕೊಟ್ಟರೂ ತೆರೆಯುತ್ತವೆ. ಆದರೆ ಇದೊಂದೇ ಕಾರಣಕ್ಕೆ ಸಾಫ್ಟ್‌ವೇರ್ ಆಯ್ಕೆ ಮಾಡಬೇಕಿಲ್ಲ. ಎಂಕೆವಿಯನ್ನು ಎಂಪಿ4 ಅಥವಾ ಎಂಒವಿ ಡಬ್ಬಿಗೆ ಬದಲಿಸುವುದು ಕೆಲವು ನಿಮಿಷದ ಕೆಲಸ, ಚಿತ್ರದ ಗುಣಮಟ್ಟ ಒಂಚೂರೂ ಕೆಡುವುದಿಲ್ಲ. ಕಮಾಂಡ್ ಬರೆಯಲು ಬೇಜಾರಾದರೆ ಶಟರ್ ಎನ್‌ಕೋಡರ್ ಎಂಬ ಉಚಿತ ಟೂಲ್‌ನಲ್ಲಿ ಬಟನ್ ಒತ್ತಿ ಮಾಡಬಹುದು.

ಹಂತ 2: ಆಡಿಯೋ, ಇಲ್ಲೇ ಸ್ವಲ್ಪ ಕೂರಬೇಕು

ಒಂದು ದೃಶ್ಯದ ನಡುವಿನಿಂದ ನಲವತ್ತು ಸೆಕೆಂಡ್ ತೆಗೆದಿರಿ ಅಂತಿಟ್ಟುಕೊಳ್ಳಿ. ಚಿತ್ರ ಚೆನ್ನಾಗಿ ಸೇರಿಕೊಂಡಿತು, ಮಾತೂ ಸರಿಯಾಗಿದೆ. ಆದರೆ ಹಿನ್ನೆಲೆ ಸಂಗೀತ ಟಕ್ ಅಂತ ಜಿಗಿಯುತ್ತದೆ. ನೋಡುವವರಿಗೆ ಏನು ತಪ್ಪಾಯಿತು ಅಂತ ಹೇಳಲು ಬರದಿದ್ದರೂ ಕಿವಿಗೆ ಗೊತ್ತಾಗುತ್ತದೆ. ನಮ್ಮ ಸಿನಿಮಾಗಳಲ್ಲಿ ಹಿನ್ನೆಲೆ ಸಂಗೀತ ಇಲ್ಲದ ದೃಶ್ಯ ಹುಡುಕುವುದೇ ಕಷ್ಟ, ಅಲ್ವಾ? ಇಂಟರ್‌ವಲ್ ಬ್ಲಾಕ್ ತೆಗೆಯಲು ಹೋಗಿ ನೋಡಿ. ಸಂಗೀತ ಏರುತ್ತಾ ಏರುತ್ತಾ ಬಂದು, ಹೀರೋ ತಿರುಗಿ ನೋಡಿ, ಢಂ ಅಂತ ನಿಂತು, 'ವಿರಾಮ' ಅಂತ ಬರುತ್ತದೆ. ಆ ಕಾರ್ಡ್ ಕತ್ತರಿಸುವುದು ಸುಲಭ, ಆ ಢಂ ಅನ್ನು ಏನು ಮಾಡುತ್ತೀರಿ?

ಇಲ್ಲಿ ಕಾಪಾಡುವುದು 5.1 ಆಡಿಯೋ. ಅದರಲ್ಲಿ ಆರು ಚಾನೆಲ್ ಇರುತ್ತವೆ: ಮುಂದೆ ಎಡ, ಬಲ, ಮಧ್ಯ, ಗುಡುಗಿಗೆ ಒಂದು, ಹಿಂದೆ ಎರಡು. ಮಾತು ಹೆಚ್ಚಾಗಿ ಮಧ್ಯದ ಚಾನೆಲ್ಲಿನಲ್ಲೇ ಇರುತ್ತದೆ, ಸಂಗೀತ ಹೆಚ್ಚಾಗಿ ಎಡಬಲದಲ್ಲಿ. ಅಂದರೆ ಮಾತನ್ನು ಒಂದು ಕಡೆ ಕತ್ತರಿಸಿ, ಸಂಗೀತವನ್ನು ಇನ್ನೊಂದು ಕಡೆ ಒಂದೆರಡು ಸೆಕೆಂಡ್ ಉದ್ದಕ್ಕೆ ನಿಧಾನವಾಗಿ ಬೆಸೆಯಬಹುದು. ಇಲ್ಲವೇ ಎಡಬಲವನ್ನು ಪೂರ್ತಿ ಇಳಿಸಿ ಆಲ್ಬಂನಲ್ಲಿ ಬಂದ ಬಿಜಿಎಂ ತಂದು ಮಾತಿನ ಕೆಳಗೆ ಹಾಸಬಹುದು. ಫ್ಯಾನ್ ಎಡಿಟ್ ಚೆನ್ನಾಗಿದೆ ಅಂತ ಅನಿಸುವುದು ಈ ಬೆಸುಗೆ ಕಾಣದೆ ಹೋದಾಗ. ಸ್ಟೀರಿಯೋ ಫೈಲಿನಲ್ಲಿ ಈ ಆಟ ಆಡಲು ಆಗುವುದಿಲ್ಲ.

ಹಾಗಾಗಿ ಸಾಫ್ಟ್‌ವೇರಿಗೆ ಕೇಳಬೇಕಾದ ಪ್ರಶ್ನೆಗಳು ಇವು. ಆರು ಚಾನೆಲ್ಲನ್ನೂ ಬೇರೆ ಬೇರೆಯಾಗಿ ಟೈಮ್‌ಲೈನ್ ಮೇಲೆ ಇಡುತ್ತದಾ, ಅಥವಾ ಒಳಗೆ ತಗೊಂಡ ಕೂಡಲೇ ಎಲ್ಲವನ್ನೂ ಕಲಸಿ ಸ್ಟೀರಿಯೋ ಮಾಡಿಬಿಡುತ್ತದಾ? ಒಂದೇ ಚಾನೆಲ್ಲನ್ನು ಮುಂದೆ ಹಿಂದೆ ಸರಿಸಬಹುದಾ? ಕೊನೆಗೆ 5.1 ಆಗಿಯೇ ಹೊರಗೆ ಕೊಡುತ್ತದಾ? ಫೋನ್ ಆ್ಯಪ್‌ಗಳು ಇಲ್ಲೇ ಬಿದ್ದುಹೋಗುತ್ತವೆ.

ಇನ್ನೊಂದು ತೊಡಕು ಇದೆ. ಡಿಸ್ಕಿನ ಆಡಿಯೋ ಡಿಟಿಎಸ್ ಅಥವಾ ಡಾಲ್ಬಿ ಆಗಿರುತ್ತದೆ. ಡಿಟಿಎಸ್ ಅನ್ನು ರಿಸಾಲ್ವ್ ಓದುವುದಿಲ್ಲ, ಚಿತ್ರ ಬರುತ್ತದೆ ಸದ್ದು ಬರುವುದಿಲ್ಲ, ಜನ ಸಾಫ್ಟ್‌ವೇರ್ ಕೆಟ್ಟಿದೆ ಅಂತ ಅಳಿಸಿ ಮತ್ತೆ ಹಾಕುತ್ತಾರೆ. ಪರಿಹಾರ ಏನೆಂದರೆ ಆಡಿಯೋವನ್ನು ಮೊದಲೇ ಹೊರತೆಗೆದು ವೇವ್ ಫೈಲ್ ಮಾಡಿಕೊಳ್ಳುವುದು. ಆರೂ ಚಾನೆಲ್ ಸೇರಿಸಿ ಒಂದೇ ವೇವ್ ಮಾಡಬೇಡಿ. ಎರಡೂವರೆ ಗಂಟೆಯ ಸಿನಿಮಾಕ್ಕೆ 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಅದು 7.7 ಜಿಬಿ ದಾಟುತ್ತದೆ, ಸಾಮಾನ್ಯ ವೇವ್ ಫೈಲಿನ ಮಿತಿ 4 ಜಿಬಿ. ಆರು ಮೊನೊ ಫೈಲ್ ಮಾಡಿ, ಒಂದೊಂದು 1.3 ಜಿಬಿ ಬರುತ್ತದೆ. ಹೇಗೂ ನಮಗೆ ಬೇಕಾಗಿದ್ದು ಬೇರೆ ಬೇರೆ ಚಾನೆಲ್ಲೇ ತಾನೆ. ಯಾವ ಫೈಲ್ ಯಾವ ಚಾನೆಲ್ ಅಂತ ಒಂದೊಂದೇ ಕೇಳಿ ಹೆಸರಿಡಿ. ಮಾತು ಗಟ್ಟಿಯಾಗಿ, ಒಣಗಿದಂತೆ ಕೇಳಿಸುವುದೇ ಮಧ್ಯದ್ದು.

ಹಳೆ ಸಿನಿಮಾದ ಮೊನೊ ಆಡಿಯೋ ಮಾತ್ರ ಇದ್ದರೆ? ಡೆಮಕ್ಸ್, ಅಲ್ಟಿಮೇಟ್ ವೋಕಲ್ ರಿಮೂವರ್ ಅಂತ ಉಚಿತ ಟೂಲ್‌ಗಳಿವೆ. ಅವು ಮಾತನ್ನೂ ಸಂಗೀತವನ್ನೂ ಬೇರೆ ಮಾಡುತ್ತವೆ. ಹಾಡಿಗೆ ತಯಾರಾದ ಟೂಲ್‌ಗಳು ಇವು, ಸಿನಿಮಾದ ಮಳೆ, ಗಾಡಿ, ಜನರ ಗದ್ದಲ ಬಂದಾಗ ತಡವರಿಸುತ್ತವೆ. ಒಂದು ಕಟ್ ಮುಚ್ಚಲು ಸಾಕು, ಇಡೀ ಸಿನಿಮಾಕ್ಕೆ ಬಳಸಬೇಡಿ.

ಹಂತ 3: ನಿಮ್ಮ ಲ್ಯಾಪ್‌ಟಾಪ್ ಎಷ್ಟು ತಡೆಯುತ್ತದೆ?

ಎಚ್.264 ಫೈಲ್ ನೋಡಲು ಹಗುರ, ಎಡಿಟ್ ಮಾಡಲು ಭಾರ. ಅದರಲ್ಲಿ ಪ್ರತಿ ಫ್ರೇಮೂ ಪೂರ್ತಿಯಾಗಿ ಇರುವುದಿಲ್ಲ, ಹಿಂದುಮುಂದಿನ ಫ್ರೇಮಿನ ವ್ಯತ್ಯಾಸ ಮಾತ್ರ ಇರುತ್ತದೆ. ನೀವು ಟೈಮ್‌ಲೈನ್ ಮೇಲೆ ಅತ್ತಿತ್ತ ಎಳೆದಾಗೆಲ್ಲ ಕಂಪ್ಯೂಟರ್ ಲೆಕ್ಕ ಹಾಕಿ ಫ್ರೇಮ್ ಕಟ್ಟಬೇಕು. ಅದಕ್ಕೇ ತಡವರಿಸುತ್ತದೆ.

ಇದಕ್ಕೆ ಎರಡು ದಾರಿ. ಒಂದು, ಇಡೀ ಸಿನಿಮಾವನ್ನು ಎಡಿಟಿಂಗ್‌ಗೆಂದೇ ಇರುವ ಪ್ರೊರೆಸ್ ಅಥವಾ ಡಿಎನ್ಎಕ್ಸ್ಎಚ್ಆರ್ ಕೋಡೆಕ್‌ಗೆ ಬದಲಿಸುವುದು. ಬೆಣ್ಣೆಯಂತೆ ಓಡುತ್ತದೆ, ಆದರೆ 1080ಪಿ ಪ್ರೊರೆಸ್ 422 ಅಂದರೆ ಗಂಟೆಗೆ ಸುಮಾರು 53 ಜಿಬಿ. ಎರಡೂವರೆ ಗಂಟೆಗೆ 130 ಜಿಬಿ ಮೀರುತ್ತದೆ. 256 ಜಿಬಿ ಎಸ್‌ಎಸ್‌ಡಿ ಇರುವವರು ಏನು ಮಾಡಬೇಕು? ಎರಡನೇ ದಾರಿ, ಪ್ರಾಕ್ಸಿ. ಎಡಿಟ್ ಮಾಡುವಾಗ ಚಿಕ್ಕ ನಕಲು, ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಮೂಲ ಫೈಲ್. ರಿಸಾಲ್ವ್, ಪ್ರೀಮಿಯರ್, ಫೈನಲ್ ಕಟ್, ಕೆಡೆನ್‌ಲೈವ್, ಶಾಟ್‌ಕಟ್ ಎಲ್ಲದರಲ್ಲೂ ಇದು ಇದೆ. ಪ್ರಾಕ್ಸಿ ಇಲ್ಲದ ಸಾಫ್ಟ್‌ವೇರನ್ನು ಸಿನಿಮಾ ಉದ್ದದ ಕೆಲಸಕ್ಕೆ ಪರಿಗಣಿಸಲೇಬೇಡಿ.

8 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್ ನಿಮ್ಮದಾದರೆ ರಿಸಾಲ್ವ್ ಹಾಕಬಹುದು, ಆದರೆ ಜಿಪಿಯು ಮೆಮೊರಿ ತುಂಬಿದೆ ಅನ್ನುವ ಸಂದೇಶ ನೋಡುತ್ತಾ ಕೂರಬೇಕಾಗುತ್ತದೆ. 16 ಜಿಬಿ ಮತ್ತು ಒಂದು ಸಾಧಾರಣ ಕಾರ್ಡ್ ಇದ್ದರೆ ನೆಮ್ಮದಿ. 4ಕೆ ಎಚ್‌ಡಿಆರ್ ಡಿಸ್ಕ್ ತಂದು ಮೊದಲ ಎಡಿಟ್ ಶುರು ಮಾಡಬೇಡಿ, ಬಣ್ಣ ಎಲ್ಲ ಬೂದಿ ಬಳಿದಂತೆ ಕಾಣುತ್ತದೆ, ಅದನ್ನು ಸರಿಮಾಡುವುದೇ ಒಂದು ಬೇರೆ ವಿದ್ಯೆ.

ಹಂತ 4: ಈಗ ಆಯ್ಕೆ

ಬರೀ ಕೆಲವು ಪೂರ್ತಿ ದೃಶ್ಯಗಳನ್ನು ತೆಗೆಯಬೇಕು, ಬೇರೇನೂ ಬೇಡ ಅನ್ನುವವರಿಗೆ ಎಡಿಟಿಂಗ್ ಸಾಫ್ಟ್‌ವೇರೇ ಬೇಡ. ಲಾಸ್‌ಲೆಸ್‌ಕಟ್ ಸಾಕು. ಮತ್ತೆ ಎನ್‌ಕೋಡ್ ಮಾಡದೆ ಕತ್ತರಿಸಿ ಜೋಡಿಸುತ್ತದೆ, ಹಳೆ ಯಂತ್ರದಲ್ಲೂ ಓಡುತ್ತದೆ. ಕೀಫ್ರೇಮ್ (ಚಿತ್ರ ಪೂರ್ತಿಯಾಗಿ ಇರುವ ಫ್ರೇಮ್) ಇರುವ ಕಡೆ ಮಾತ್ರ ಸ್ವಚ್ಛವಾಗಿ ಕತ್ತರಿಸುತ್ತದೆ ಅನ್ನುವುದೇ ಅದರ ಮಿತಿ. ಕಪ್ಪು ಪರದೆಯಿಂದ ಶುರುವಾಗಿ ಕಪ್ಪು ಪರದೆಯಲ್ಲಿ ಮುಗಿಯುವ ಕಾಮಿಡಿ ಟ್ರ್ಯಾಕ್ ಆದರೆ ಧಾರಾಳವಾಗಿ ತೆಗೆಯಬಹುದು.

ಅದಕ್ಕಿಂತ ಹೆಚ್ಚಿನ ಕೆಲಸಕ್ಕೆ, ಯಂತ್ರ ತಡೆಯುವುದಾದರೆ, ನನ್ನ ಮತ ಡಾವಿಂಚಿ ರಿಸಾಲ್ವ್‌ಗೆ. ಬಣ್ಣದ ಕೆಲಸಕ್ಕೆ ಅದಕ್ಕೆ ಹೆಸರಿದೆ, ನಾನು ಹೇಳುತ್ತಿರುವುದು ಅದಕ್ಕಲ್ಲ. ಒಳಗಿರುವ ಫೇರ್‌ಲೈಟ್ ಪುಟಕ್ಕೆ. ಫೇರ್‌ಲೈಟ್ ಮೂಲತಃ ಆಡಿಯೋಗೇ ಮೀಸಲಾದ ಆಸ್ಟ್ರೇಲಿಯಾದ ಕಂಪನಿ, ರಿಸಾಲ್ವ್ ಮಾಡುವ ಬ್ಲ್ಯಾಕ್‌ಮ್ಯಾಜಿಕ್ ಕಂಪನಿ 2016ರಲ್ಲಿ ಅದನ್ನು ಕೊಂಡು ರಿಸಾಲ್ವ್ ಒಳಗೆ ಸೇರಿಸಿತು. 5.1 ಟ್ರ್ಯಾಕ್, ಚಾನೆಲ್‌ವಾರು ಕೆಲಸ ಎಲ್ಲ ಉಚಿತ ಆವೃತ್ತಿಯಲ್ಲೇ ಸಿಗುತ್ತದೆ. ವಾಟರ್‌ಮಾರ್ಕ್ ಇಲ್ಲ. ಎಕ್ಸ್‌ಪೋರ್ಟ್ 3840×2160ರವರೆಗೆ ಆಗುತ್ತದೆ, ನಮಗೆ ಅಷ್ಟೂ ಬೇಡ. ಗ್ರೇನ್ ಕಡಿಮೆ ಮಾಡುವ ನಾಯ್ಸ್ ರಿಡಕ್ಷನ್ ಬೇಕಾದರೆ ಸ್ಟುಡಿಯೋ ಆವೃತ್ತಿ, 295 ಡಾಲರ್, ಒಮ್ಮೆ ಕೊಟ್ಟರೆ ಮುಗಿಯಿತು. ಲಿನಕ್ಸ್ ಬಳಸುವವರಿಗೆ ಒಂದು ಎಚ್ಚರಿಕೆ: ಅಲ್ಲಿ ಉಚಿತ ಆವೃತ್ತಿ ಎಚ್.264 ಫೈಲ್‌ಗಳಿಗೆ ತಕರಾರು ಮಾಡುತ್ತದೆ, ಮೊದಲೇ ಡಿಎನ್ಎಕ್ಸ್ಎಚ್ಆರ್‌ಗೆ ಬದಲಿಸಿಕೊಳ್ಳಿ.

ಯಂತ್ರ ಹಳೆಯದಾದರೆ ಶಾಟ್‌ಕಟ್. ನೋಡಲು ಸಾದಾ, ಆದರೆ ಸೆಟ್ಟಿಂಗ್ಸ್‌ನಲ್ಲಿ ಆಡಿಯೋ ಚಾನೆಲ್ ಆರು ಅಂತ ಇಟ್ಟರೆ 5.1 ಕೆಲಸ ಮಾಡುತ್ತದೆ. ಕೆಡೆನ್‌ಲೈವ್‌ನಲ್ಲಿ ಎಡಿಟಿಂಗ್ ಇನ್ನೂ ಹಾಯಾಗಿದೆ, ಪ್ರಾಕ್ಸಿ ತಾನಾಗಿಯೇ ಮಾಡಿಕೊಳ್ಳುತ್ತದೆ. ಸರೌಂಡ್ ವಿಷಯದಲ್ಲಿ ಮಾತ್ರ ಕೈ ಕಟ್ಟಿದಂತಾಗುತ್ತದೆ, ಹಾಗಾಗಿ ಸ್ಟೀರಿಯೋ ಸಾಕು ಅನ್ನುವವರಿಗೆ ಅದು. ಎರಡೂ ಪೂರ್ತಿ ಉಚಿತ.

ಪ್ರೀಮಿಯರ್ ಕಾಲೇಜಿನಿಂದಲೋ ಆಫೀಸಿನಿಂದಲೋ ಸಿಕ್ಕಿದ್ದರೆ ಬಳಸಿ, 5.1 ಚೆನ್ನಾಗಿ ಮಾಡುತ್ತದೆ. ಹವ್ಯಾಸಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಕ್ರ್ಯಾಕ್ ಮಾಡಿದ್ದು ಹಾಕುವುದು ಬೇಡವೇ ಬೇಡ. ಅದರ ಜೊತೆ ಬರುವ ವೈರಸ್ ನಿಮ್ಮ ಬ್ಯಾಂಕ್ ಪಾಸ್‌ವರ್ಡ್ ತಗೊಂಡು ಹೋದರೆ ಎಡಿಟ್ ಯಾರಿಗೆ ಬೇಕು? ವೇಗಾಸ್ ಪ್ರೊಗೆ ವಿಂಡೋಸ್‌ನಲ್ಲಿ ನಿಷ್ಠಾವಂತ ಫ್ಯಾನ್ ಎಡಿಟರ್‌ಗಳಿದ್ದಾರೆ. 1999ರಲ್ಲಿ ಅದು ಆಡಿಯೋ ಸಾಫ್ಟ್‌ವೇರ್ ಆಗಿಯೇ ಹುಟ್ಟಿತು, ಆ ಗುಣ ಇನ್ನೂ ಹೋಗಿಲ್ಲ. ಮ್ಯಾಕ್ ಇದ್ದು ದುಡ್ಡೂ ಇದ್ದರೆ ಫೈನಲ್ ಕಟ್. ಫಿಲ್ಮೋರಾದ ಉಚಿತ ಆವೃತ್ತಿ ವಾಟರ್‌ಮಾರ್ಕ್ ಒತ್ತುತ್ತದೆ, ಲೈಟ್‌ವರ್ಕ್ಸ್ ಉಚಿತವಾಗಿ 720ಪಿ ಮೀರಿ ಕೊಡುವುದಿಲ್ಲ. ಅವೆರಡನ್ನೂ ಬಿಡಿ.

ಹಂತ 5: ಕನ್ನಡ ಬರೆದು ನೋಡಿ

ಟೈಟಲ್ ಕಾರ್ಡ್ ಬೇಕೇ ಬೇಕಲ್ಲ. ಹೊಸ ಸಾಫ್ಟ್‌ವೇರ್ ತೆರೆದು ಟೆಕ್ಸ್ಟ್ ಟೂಲ್‌ನಲ್ಲಿ 'ಸೂರ್ಯ, ರಾಷ್ಟ್ರ, ಕರ್ತೃ, ಜ್ಯೋತ್ಸ್ನಾ' ಅಂತ ಟೈಪ್ ಮಾಡಿ. ಒತ್ತಕ್ಷರ ಪಕ್ಕಕ್ಕೆ ಜಾರಿದರೆ, ಅರ್ಕಾವತ್ತು ಬಿಡಿಯಾಗಿ ನಿಂತರೆ ಅಲ್ಲಿಗೆ ಗೊತ್ತಾಯಿತು. ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್ ಒಳಗೆ ಗ್ರಾಫಿಕ್ಸ್‌ಗೆ ಹೋಗಿ ಟೆಕ್ಸ್ಟ್ ಎಂಜಿನ್ ಅನ್ನು ಸೌತ್ ಏಷ್ಯನ್‌ಗೆ ಬದಲಿಸಿದರೆ ಸರಿಯಾಗುತ್ತದೆ. ಕೆಡೆನ್‌ಲೈವ್‌ನಲ್ಲಿ ಯುನಿಕೋಡ್ ಫಾಂಟ್ ಹಾಗೇ ಸರಿಯಾಗಿ ಬರುತ್ತದೆ. ರಿಸಾಲ್ವ್‌ನ ಹಳೆ ಆವೃತ್ತಿಗಳು ಭಾರತದ ಲಿಪಿಗಳನ್ನು ಒಡೆಯುತ್ತಿದ್ದವು, ನಿಮ್ಮದರಲ್ಲಿ ಹೇಗಿದೆ ಅಂತ ನೋಡಿಕೊಳ್ಳಿ. ಒಡೆದರೆ ತಲೆ ಕೆಡಿಸಿಕೊಳ್ಳಬೇಡಿ: ಇಂಕ್‌ಸ್ಕೇಪ್‌ನಲ್ಲಿ ಅಕ್ಷರ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಮಾಡಿ ಟೈಮ್‌ಲೈನ್ ಮೇಲೆ ಇಡಿ. ಸಬ್‌ಟೈಟಲ್ ಆದರೆ ಎಡಿಟ್ ಎಲ್ಲ ಮುಗಿದ ಮೇಲೆ ಸಬ್‌ಟೈಟಲ್ ಎಡಿಟ್ ಎಂಬ ಉಚಿತ ಟೂಲ್‌ನಲ್ಲಿ ಸಮಯ ಹೊಂದಿಸಿ.

ನಮ್ಮ ಸಿನಿಮಾಗಳಿಗೇ ವಿಶೇಷವಾದ ತಲೆನೋವು ಇನ್ನೊಂದಿದೆ. ಸಿಗರೇಟು ಸೇದುವ ದೃಶ್ಯದಲ್ಲಿ ಕೆಳಗೆ ಬರುವ ಎಚ್ಚರಿಕೆ ಸಾಲು ಚಿತ್ರದ ಮೇಲೇ ಅಚ್ಚಾಗಿರುತ್ತದೆ. ಆ ದೃಶ್ಯದ ನಡುವೆ ಕತ್ತರಿಸಿದರೆ ಸಾಲು ಪಟ್ಟನೆ ಮಾಯವಾಗಿ ಕಟ್ ಎಲ್ಲಿದೆ ಅಂತ ಹೇಳಿಬಿಡುತ್ತದೆ. ಸಾಲು ಬರುವ ಅಥವಾ ಹೋಗುವ ಜಾಗದಲ್ಲೇ ಕತ್ತರಿಸುವುದು ಸುಲಭದ ದಾರಿ.

ಹಂತ 6: ಐದು ನಿಮಿಷದ ಪರೀಕ್ಷೆ

ಇಡೀ ಸಿನಿಮಾಕ್ಕೆ ಕೈ ಹಾಕುವ ಮುಂಚೆ ಐದು ನಿಮಿಷದ ಒಂದು ತುಂಡು ತಗೊಳ್ಳಿ. ಮಾತು, ಸಂಗೀತ, ಒಂದು ಫೈಟು, ಎಲ್ಲ ಇರುವಂಥದ್ದು. ಅದರಲ್ಲಿ ಮೂರು ಕಟ್ ಮಾಡಿ, ಒಂದು ಕಡೆ ಸಂಗೀತ ಬೆಸೆಯಿರಿ, ಒಂದು ಕನ್ನಡ ಟೈಟಲ್ ಹಾಕಿ, 5.1ರಲ್ಲಿ ಎಕ್ಸ್‌ಪೋರ್ಟ್ ಮಾಡಿ. ನಿಮಗೆ ಹಿಡಿಸಿದ ಎರಡು ಸಾಫ್ಟ್‌ವೇರಿನಲ್ಲಿ ಇದೇ ಕೆಲಸ ಮಾಡಿದರೆ ಯಾವುದು ನಿಮ್ಮದು ಅಂತ ಒಂದು ಸಂಜೆಯಲ್ಲಿ ಗೊತ್ತಾಗುತ್ತದೆ. ಬಂದ ಫೈಲನ್ನು ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿ ಕೇಳಿ. ಕಟ್ ಎಲ್ಲಿದೆ ಅಂತ ಕಿವಿಗೆ ಗೊತ್ತಾದರೆ ಇನ್ನೂ ಕೆಲಸ ಇದೆ.

ಎಕ್ಸ್‌ಪೋರ್ಟ್ ಬಗ್ಗೆ ಒಂದು ಮಾತು. ಸಾಫ್ಟ್‌ವೇರಿನಿಂದ ನೇರವಾಗಿ ಚಿಕ್ಕ ಎಂಪಿ4 ತೆಗೆಯುವ ಬದಲು ಮೊದಲು ಡಿಎನ್ಎಕ್ಸ್ಎಚ್ಆರ್ ಅಥವಾ ಪ್ರೊರೆಸ್‌ನಲ್ಲಿ ಒಂದು ಮಾಸ್ಟರ್ ತೆಗೆಯಿರಿ, ಆಮೇಲೆ ಅದನ್ನು ಹ್ಯಾಂಡ್‌ಬ್ರೇಕ್‌ನಲ್ಲಿ ಎಚ್.264 ಮಾಡಿ. 1080ಪಿಗೆ ಆರ್‌ಎಫ್ (ಗುಣಮಟ್ಟದ ಸಂಖ್ಯೆ) 20ರಿಂದ 24ರ ಒಳಗೆ ಇಡಿ ಅಂತ ಹ್ಯಾಂಡ್‌ಬ್ರೇಕ್‌ನವರೇ ಹೇಳುತ್ತಾರೆ, ಡಿವಿಡಿಗೆ 18ರಿಂದ 22. ಸಂಖ್ಯೆ ಕಡಿಮೆ ಆದಷ್ಟೂ ಗುಣಮಟ್ಟ ಜಾಸ್ತಿ, ಫೈಲೂ ದೊಡ್ಡದು. ಫ್ರೇಮ್ ರೇಟ್ ಜಾಗದಲ್ಲಿ ಕಾನ್‌ಸ್ಟಂಟ್ ಆಯ್ಕೆ ಮಾಡಿ. ಆಡಿಯೋ ಟ್ಯಾಬ್‌ನಲ್ಲಿ ಮಿಕ್ಸ್‌ಡೌನ್ ಸ್ಟೀರಿಯೋ ಅಂತ ಇದ್ದರೆ 5.1ಕ್ಕೆ ಬದಲಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ನೀವು ಬೆಸೆದ ಆರು ಚಾನೆಲ್ ಕೊನೇ ಗಳಿಗೆಯಲ್ಲಿ ಎರಡಾಗಿ ಕೂರುತ್ತವೆ.